ಮಸಿ ಎಲ್ಲಿದೆ, ತೋರಿಸಿ

ಕಳೆದ ವರ್ಷ ದಸರಾ ರಜೆಯಲ್ಲಿ ನನ್ನ ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಸಂಜೆ ತರಲು ಹೋದಾಗ ಕೈಗೆ ಬಂದ ಬಿಲ್ಲಿನಲ್ಲಿ ಎರಡು ಸಾಲುಗಳು ನನಗೆ ಅರ್ಥವಾಗಲಿಲ್ಲ. ಒಂದು, 'ಎಂಜಿನ್ ಡಿಕಾರ್ಬನೈಸಿಂಗ್', 1,450 ರೂಪಾಯಿ. ಇನ್ನೊಂದು, 'ಫ್ಯುಯೆಲ್ ಸಿಸ್ಟಂ ಕ್ಲೀನರ್', 480 ರೂಪಾಯಿ. ಎರಡರ ಮೇಲೂ ಶೇಕಡಾ 18ರ ತೆರಿಗೆ. ಎಲ್ಲ ಸೇರಿ 2,277 ರೂಪಾಯಿ. ಉತ್ತರಪತ್ರಿಕೆಗಳ ಅಂಕ ಕೂಡಿಸಿ ಕೂಡಿಸಿ ಬಂದ ಅಭ್ಯಾಸ, ಬಿಲ್ಲನ್ನು ಕೂಡಿ ನೋಡದೆ ದುಡ್ಡು ಕೊಡುವವಳಲ್ಲ ನಾನು.

"ಇದೇನಪ್ಪಾ ಇದು?" ಎಂದೆ.

"ಕಾರ್ಬನ್ ಹಿಡಿದಿತ್ತು ಮೇಡಂ. ಕ್ಲೀನ್ ಮಾಡಿದೀವಿ" ಎಂದ ಕೌಂಟರಿನ ಹುಡುಗ.

"ಎಲ್ಲಿ ಹಿಡಿದಿತ್ತು?"

"ಎಂಜಿನ್ನಲ್ಲಿ ಮೇಡಂ."

"ಅದು ಸರಿ, ಎಂಜಿನ್ನಿನಲ್ಲಿ ಎಲ್ಲಿ?"

ಹುಡುಗ ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದ. "ಸಾರ್ ಬಂದಿಲ್ವಾ ಮೇಡಂ? ಸಾರ್‌ಗೆ ಹೇಳಿದ್ರೆ ಅರ್ಥ ಆಗತ್ತೆ" ಎಂದ.

ಅವನು ಹುಡುಕುತ್ತಿದ್ದ ಆ ಸಾರ್, ಅಂದರೆ ನಮ್ಮ ಯಜಮಾನರು, ಕಾರು ಓಡಿಸುವುದಿಲ್ಲ. ಬಾನೆಟ್ ತೆಗೆಯಲು ಎಲ್ಲಿ ಎಳೆಯಬೇಕೆಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸು ಪಡೆದವಳು ನಾನು, ಸಾಲದ ಕಂತು ಕಟ್ಟುವವಳು ನಾನು, ಆದರೆ ಎಂಜಿನ್ನಿನ ವಿಷಯ ಅರ್ಥವಾಗುವುದು ಮಾತ್ರ ಸಾರ್‌ಗೆ! ಆ ಸಂಜೆ ದುಡ್ಡು ಕೊಟ್ಟೇ ಬಂದೆ. ಕತ್ತಲಾಗುವುದರೊಳಗೆ ಸಾಗರ ಸೇರಬೇಕಿತ್ತು, ಎಪ್ಪತ್ತು ಕಿಲೋಮೀಟರ್ ದಾರಿ. ಮನೆಗೆ ಬಂದು ಹೇಳಿದರೆ ನಮ್ಮವರು, "ಅಲ್ಲ ಮಾರಾಯ್ತಿ, ಎರಡು ಸಾವಿರಕ್ಕೆ ಇಷ್ಟು ರಂಪವೇ? ಎಂಜಿನ್ನಿಗೆ ಒಳ್ಳೆಯದೇ ಆಗಿರತ್ತೆ ಬಿಡು" ಎಂದರು. ಒಳ್ಳೆಯದೇ ಆಗಿರುತ್ತದೆ ಎಂಬ ಈ ಮಾತಿನ ಮೇಲೇ ಆ ಬಾಟಲಿಯ ವ್ಯಾಪಾರವೆಲ್ಲ ನಿಂತಿದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಮಸಿಯ ವಿಷಯ ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದರೆ ನನಗಂತೂ ನಗು ಬರುತ್ತದೆ. ಕಾರ್ಬನ್ ಎಂದರೆ ಮತ್ತೇನು? ಮಸಿಯೇ. ನಾನು ಐದನೇ ಕ್ಲಾಸಿಗೆ ಬರುವವರೆಗೂ ನಮ್ಮ ಮನೆಗೆ ಕರೆಂಟು ಇರಲಿಲ್ಲ. ದಿನಾ ಸಂಜೆ ಲಾಟೀನಿನ ಗಾಜು ಉಜ್ಜುವ ಕೆಲಸ ನನ್ನದು. ಒಲೆಯ ಬೂದಿ, ಅಪ್ಪನ ಹರಿದ ಪಂಚೆಯ ಒಂದು ಚೂರು. ಬತ್ತಿಯನ್ನು ಅತಿಯಾಗಿ ಏರಿಸಿದರೆ ದೀಪ ಹೊಗೆಯಾಡಿ ಗಾಜು ಕಪ್ಪಾಗುತ್ತದೆ, ಬತ್ತಿಯ ತುದಿಯನ್ನು ಸಮನಾಗಿ ಕತ್ತರಿಸಿ ಹದಕ್ಕೆ ಇಳಿಸಿದರೆ ಉರಿ ಹಳದಿಯಾಗಿ ನಿಂತು ಗಾಜು ತಿಳಿಯಾಗಿಯೇ ಉಳಿಯುತ್ತದೆ ಎಂಬುದು ಎಂಟು ವರ್ಷದ ನನಗೆ ಗೊತ್ತಿತ್ತು. ಎಣ್ಣೆ ಹೆಚ್ಚು, ಗಾಳಿ ಕಡಿಮೆ ಆದರೆ ಮಸಿ, ಅಷ್ಟೇ. ಅಮ್ಮ ಅನ್ನದ ಪಾತ್ರೆಯನ್ನು ಒಲೆಗೇರಿಸುವ ಮೊದಲು ಅದರ ತಳಕ್ಕೆ ಬೂದಿ ಕಲಸಿ ಬಳಿಯುತ್ತಿದ್ದಳು. ಮಸಿ ಆ ಬೂದಿಯ ಮೇಲೆ ಕೂರುತ್ತಿತ್ತು, ತೊಳೆದರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು. ಹಸಿ ಸೌದೆ ಹಾಕಿದರೆ ಮಸಿ ಹೆಚ್ಚು, ಒಲೆ ಬಿಸಿಯೇರುವ ಮೊದಲು ಹೊಗೆ ಹೆಚ್ಚು. ಇದನ್ನೆಲ್ಲ ಬಲ್ಲ ಹೆಂಗಸಿಗೆ ಎಂಜಿನ್ನಿನ ಮಸಿಯನ್ನು ವಿವರಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡುವ ಮನಸ್ಸು ಅವರಿಗಿಲ್ಲ.

ಎಂಜಿನ್ನಿನೊಳಗೆ ನಡೆಯುವುದೂ ಇದೇ. ಒಂದು ತೂಕ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಈಗಿನ ಕಾರುಗಳಲ್ಲಿ ಈ ಲೆಕ್ಕವನ್ನು ಒಂದು ಸಣ್ಣ ಕಂಪ್ಯೂಟರು ನೋಡಿಕೊಳ್ಳುತ್ತದೆ. ಹೊಗೆಕೊಳವೆಯಲ್ಲಿರುವ ಸೆನ್ಸರ್, ಹೊರಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ ತಿಳಿಸುತ್ತದೆ, ಅದರಂತೆ ಪೆಟ್ರೋಲ್ ಹೆಚ್ಚು ಕಡಿಮೆಯಾಗುತ್ತದೆ. ಬತ್ತಿ ಏರಿಸಿ ಇಳಿಸುವ ನನ್ನ ಹಳೆಯ ಕೆಲಸವೇ. ಆದರೆ ತಣ್ಣಗಿರುವ ಎಂಜಿನ್ ಶುರುವಾದಾಗ ಪೆಟ್ರೋಲ್ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಕಾದ ಮೇಲೆ ಸರಿಹೋಗುತ್ತದೆ. ಕಾಯುವುದರೊಳಗೇ ನಿಲ್ಲಿಸಿಬಿಟ್ಟರೆ, ದಿನವೂ ಹಾಗೆಯೇ ಮಾಡಿದರೆ, ಮಸಿ ಕೂರುತ್ತದೆ. ಇದಲ್ಲದೆ ಎಂಜಿನ್ ಆಯಿಲಿನ ಆವಿಯನ್ನು ಹೊರಗೆ ಬಿಡದೆ ಮತ್ತೆ ಒಳಗೇ ಎಳೆದುಕೊಳ್ಳುವ ವ್ಯವಸ್ಥೆ ಇರುತ್ತದೆ. ಆ ಜಿಡ್ಡೂ ಹೋಗಿ ಗಾಳಿಯ ದಾರಿಯಲ್ಲಿ ಅಂಟುತ್ತದೆ. ಆದ್ದರಿಂದ ಕಾರ್ಬನ್ ಎಂಬುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಇದೆ. ನನ್ನ ಜಗಳ ಕಾರ್ಬನ್ನಿನ ಮೇಲಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹತ್ತಿರ ಒಂದು ಬಜಾಜ್ ಚೇತಕ್ ಇತ್ತು. ಅದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಆಯಿಲ್ ಉರಿದ ಮೇಲೆ ಮಸಿಯಾಗದೆ ಇನ್ನೇನಾದೀತು? ಸ್ಕೂಟರು ಏರು ಹತ್ತಲು ತಿಣುಕತೊಡಗಿದರೆ ಅಪ್ಪ ಅದನ್ನು ಬಸ್‌ಸ್ಟ್ಯಾಂಡಿನ ಹಿಂದಿನ ಸಾಬರ ಗ್ಯಾರೇಜಿಗೆ ಒಯ್ಯುತ್ತಿದ್ದರು. ಸಾಬರು ಸೈಲೆನ್ಸರನ್ನು ಬಿಚ್ಚಿ, ತೆಂಗಿನ ಸೋಗೆ, ಸೌದೆ ಚೂರು ಹಾಕಿ ಮಾಡಿದ ಬೆಂಕಿಯಲ್ಲಿಟ್ಟು ಸುಡುತ್ತಿದ್ದರು. ಕಪ್ಪು ಹೊಗೆ ದಟ್ಟವಾಗಿ ಏಳುತ್ತಿತ್ತು. ಆಮೇಲೆ ಅದನ್ನು ಕಬ್ಬಿಣದ ಸಲಾಕೆಯಿಂದ ಬಡಿದರೆ ಹಪ್ಪಳದ ಚೂರಿನಂಥ ಕಾರ್ಬನ್ ಉದುರುತ್ತಿತ್ತು. ಹೆಡ್ ಬಿಚ್ಚಿ ಪಿಸ್ಟನ್ನಿನ ತಲೆಯನ್ನೂ ಕೆರೆಯುತ್ತಿದ್ದರು. "ನೋಡಿ ಮಾಸ್ತರೆ, ಎಷ್ಟಿತ್ತು" ಎಂದು ಆ ಚೂರುಗಳನ್ನು ಕಾಗದದ ಮೇಲೆ ಹಾಕಿ ಅಪ್ಪನಿಗೆ ತೋರಿಸುತ್ತಿದ್ದರು. ಪಕ್ಕದಲ್ಲಿ ನಿಂತ ನನಗೂ ತೋರಿಸುತ್ತಿದ್ದರು. ಅಪ್ಪ ಆಮೇಲೆ ದುಡ್ಡು ಕೊಡುತ್ತಿದ್ದರು.

ಆ ಕಾಲದ ಎಂಜಿನ್ನು ಹೋಯಿತು. 2000ದಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಕಾರ್ಬೊರೇಟರ್ ಹೋಗಿ ಇಂಜೆಕ್ಟರ್ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು, ಇಂಧನದಲ್ಲಿರಬಹುದಾದ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಗಂಧಕ ಇಳಿದ ಮಾತ್ರಕ್ಕೆ ಮಸಿ ನಿಲ್ಲುವುದಿಲ್ಲ, ಒಪ್ಪಿದೆ. ಆದರೂ ಎಂಜಿನ್ನು ಇಷ್ಟೆಲ್ಲ ನಾಜೂಕಾದ ಮೇಲೆ ಮಸಿಯ ಭಯ ಮಾತ್ರ ಹೆಚ್ಚುತ್ತಾ ಹೋದದ್ದು ಹೇಗೆ? ಅಪ್ಪನ ಕಾಲದಲ್ಲಿ ಗಾಡಿ ಏರು ಹತ್ತದಿದ್ದರೆ ಕಾರ್ಬನ್ ತೆಗೆಸುತ್ತಿದ್ದರು. ಈಗ ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿದ, ಏನೊಂದೂ ತಕರಾರಿಲ್ಲದ ಕಾರಿಗೆ, ಕೇಳದೆಯೇ ತೆಗೆಯುತ್ತಾರೆ. ತೆಗೆದದ್ದನ್ನು ತೋರಿಸುವುದಿಲ್ಲ.

ಇನ್ನು ಆ ಬಾಟಲಿಯ ವಿಷಯ. ಅದೂ ಪೂರ್ತಿ ಬೂಟಾಟಿಕೆಯಲ್ಲ, ನ್ಯಾಯವಾಗಿ ಹೇಳಬೇಕು. ಒಳ್ಳೆಯ ಬಾಟಲಿಗಳಲ್ಲಿ ಪಾಲಿಈಥರ್ ಅಮೀನ್ ಎಂಬ ರಾಸಾಯನಿಕ ಇರುತ್ತದೆ. ಎಣ್ಣೆಸ್ನಾನದ ದಿನ ಸೀಗೆಪುಡಿ ಏನು ಮಾಡುತ್ತದೆಯೋ ಇದರ ಕೆಲಸವೂ ಹೆಚ್ಚುಕಡಿಮೆ ಅದೇ. ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ಪೆಟ್ರೋಲಿನ ಜೊತೆ ಹೋಗುತ್ತದೆ. ಟ್ಯಾಂಕಿಗೆ ಸುರಿದರೆ ಇಂಜೆಕ್ಟರಿನ ಮೂತಿಗೆ ಕಟ್ಟಿದ ಅಂಟು ನಿಧಾನವಾಗಿ ಕರಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲಿನ ಹನಿ ಆ ಶಾಖಕ್ಕೆ ಬೆಂದು ಅಂಟಾಗುತ್ತದೆ, ಹಾಲಿನ ಪಾತ್ರೆಯ ಅಂಚಿನಲ್ಲಿ ಕೆನೆ ಒಣಗಿ ಹಿಡಿಯುವಂತೆ. ಅದಕ್ಕೆ ಇದು ಸರಿಯಾದ ಔಷಧವೇ. ಅಮೆರಿಕದಲ್ಲಿ 1995ರಿಂದ ಮಾರುವ ಪೆಟ್ರೋಲಿಗೆಲ್ಲ ಇಂಥ ಶುಚಿಕಾರಕವನ್ನು ಮೊದಲೇ ಬೆರೆಸಿರಬೇಕೆಂದು ಸರಕಾರವೇ ನಿಯಮ ಮಾಡಿತು. ಆ ಪ್ರಮಾಣ ಸಾಲದೆಂದು 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೋಟಾ ಕಂಪನಿಗಳು ಸೇರಿ 'ಟಾಪ್ ಟಿಯರ್' ಎಂಬ ಇನ್ನೂ ಹೆಚ್ಚಿನ ಮಟ್ಟವನ್ನು ಗೊತ್ತುಮಾಡಿದವು. ನಮ್ಮಲ್ಲೂ ಶುಚಿಕಾರಕ ಬೆರೆಸಿದ್ದೆಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವ ಪೆಟ್ರೋಲ್ ಬಂಕುಗಳಲ್ಲಿ ಸಿಗುತ್ತದೆ. ಅಂದರೆ ಶುಚಿಕಾರಕ ನಿಜ, ಅದರ ಕೆಲಸವೂ ನಿಜ.

ಆದರೆ ಸೀಗೆಪುಡಿ ತಲೆಗೆ ಹಾಕಿದರೆ ತಲೆಯ ಎಣ್ಣೆ ಹೋದೀತೇ ಹೊರತು ಅಂಗಾಲಿನ ಎಣ್ಣೆ ಹೋದೀತೇ? ಇದೇ ನೋಡಿ ಅವರು ಹೇಳದ ಮಾತು. ಪೆಟ್ರೋಲ್ ಎಂಜಿನ್ನುಗಳಲ್ಲಿ ಎರಡು ಜಾತಿ. ನನ್ನ ಕಾರೂ ಸೇರಿದಂತೆ ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮೊದಲನೆಯ ಜಾತಿಯವು. ಇವುಗಳಲ್ಲಿ ಪೆಟ್ರೋಲನ್ನು ಗಾಳಿ ಒಳಗೆ ಹೋಗುವ ವಾಲ್ವಿನ ಹಿಂದೆ ಸಿಂಪಡಿಸುತ್ತಾರೆ. ಪೆಟ್ರೋಲ್ ಆ ವಾಲ್ವನ್ನು ತೊಳೆದುಕೊಂಡೇ ಒಳಗೆ ಹೋಗುತ್ತದೆ. ಟ್ಯಾಂಕಿಗೆ ಹಾಕಿದ ಔಷಧವೂ ವಾಲ್ವನ್ನು ಮುಟ್ಟುತ್ತದೆ. ಎರಡನೆಯದು ಡೈರೆಕ್ಟ್ ಇಂಜೆಕ್ಷನ್. ಟರ್ಬೊ ಎಂದು ಹೆಮ್ಮೆಯಿಂದ ಹೇಳಿ ಮಾರುವ ಎಷ್ಟೋ ಹೊಸ ಕಾರುಗಳಲ್ಲಿ ಇರುವುದು ಇದು. ಇದರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಹೋಗುತ್ತದೆ, ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. ವಾಲ್ವಿನ ಮೇಲೆ ಆಯಿಲಿನ ಆವಿ ಬಂದು ಹೆಪ್ಪುಗಟ್ಟುವುದು ಹೆಚ್ಚಾಗಿ ಈ ಜಾತಿಯಲ್ಲಿಯೇ. ಟ್ಯಾಂಕಿಗೆ ಹತ್ತು ಬಾಟಲಿ ಸುರಿದರೂ ಆ ಮಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಅದನ್ನು ತೆಗೆಯಬೇಕಾದರೆ ಮೇಲಿನ ಭಾಗ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಹೊಡೆದು ಉಜ್ಜುತ್ತಾರೆ. ಲೋಹಕ್ಕೆ ಗಾಯವಾಗದೆ ಮಸಿ ಮಾತ್ರ ಹೋಗುತ್ತದೆ. ನನ್ನ ಬೂದಿ, ಪಂಚೆಯ ಚೂರಿಗೆ ಎಷ್ಟು ಹತ್ತಿರದ ನೆಂಟಸ್ತಿಕೆ!

ಅಂದರೆ, ಯಾರಿಗೆ ಔಷಧ ಮುಟ್ಟುತ್ತದೆಯೋ ಅವರಿಗೆ ಆ ರೋಗ ಕಡಿಮೆ, ಯಾರಿಗೆ ರೋಗ ಹೆಚ್ಚೋ ಅವರಿಗೆ ಔಷಧ ಮುಟ್ಟುವುದಿಲ್ಲ. ಕೌಂಟರಿನಲ್ಲಿ ಮಾತ್ರ ಇಬ್ಬರಿಗೂ ಅದೇ ಬಾಟಲಿ, ಅದೇ ಬೆಲೆ. ಪರೀಕ್ಷೆ ಹತ್ತಿರ ಬಂದಾಗ ಜ್ಞಾಪಕಶಕ್ತಿಯ ಟಾನಿಕ್ ಮಾರುತ್ತಾರಲ್ಲ, ಹಾಗೆ. ಓದುವ ಹುಡುಗನಿಗೂ ಅದೇ, ಓದದ ಹುಡುಗನಿಗೂ ಅದೇ. ಪಾಸಾದರೆ ಟಾನಿಕ್ಕಿನಿಂದ, ಫೇಲಾದರೆ ಹುಡುಗನಿಂದ. ಕುಡಿಸದಿದ್ದರೆ ಎಲ್ಲಿ ಏನಾಗುತ್ತದೋ ಎಂದು ಹೆದರುವ ತಾಯಂದಿರನ್ನು ನಾನು ಇಪ್ಪತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ.

ಆ ಬಿಲ್ಲು ಹಿಡಿದುಕೊಂಡು ಮುಂದಿನ ಭಾನುವಾರ ಅದೇ ಗ್ಯಾರೇಜಿಗೆ ಹೋದೆ. ಹಳೆಯ ಸಾಬರು ತೀರಿಕೊಂಡಿದ್ದಾರೆ, ಈಗ ಅವರ ಮಗ ನೋಡಿಕೊಳ್ಳುತ್ತಾರೆ. ಅವರು ಬಿಲ್ಲು ಓದಿ ನಕ್ಕರು. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈಯ ಮೇಲಿಟ್ಟರು. ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು.

"ಇದು ಕಪ್ಪಗೆ, ಮಸಿ ಮಸಿಯಾಗಿದ್ರೆ ಉರಿ ಸರಿಯಿಲ್ಲ ಅಂತ ಲೆಕ್ಕ ಅಕ್ಕೋರೆ. ನಿಮ್ದು ಚೆನ್ನಾಗೇ ಇದೆ" ಎಂದರು.

"ಅವರು ಕ್ಲೀನ್ ಮಾಡಿದ್ದಕ್ಕೆ ಹೀಗಿರಬಹುದಲ್ಲ?" ಎಂದೆ. ಪ್ರತಿವಾದಿಯ ಪರವಾಗಿಯೂ ಒಂದು ಪ್ರಶ್ನೆ ಇರಲಿ ಎಂದು.

"ಇರಬಹುದು. ಮೊದಲು ಹೇಗಿತ್ತು ಅಂತ ಅವ್ರು ನಿಮಗೆ ತೋರಿಸಿದ್ರಾ?"

ತೋರಿಸಿರಲಿಲ್ಲ. ಅಲ್ಲಿಗೆ ಆ ವಾದ ಮುಗಿಯಿತು. ಆಮೇಲೆ ಅವರು ಕೇಳಿದರು, ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಸಂಜೆ ವಾಪಸು ಎರಡು ಎಂದೆ. "ನೀರು ಕಾಯೋದ್ರೊಳಗೇ ಒಲೆ ಆರಿಸ್ತೀರಿ ನೀವು" ಎಂದರು. ಆ ಮಾತು ನನಗೆ ಸರಿಯಾಗಿ ನಾಟಿತು. ನಿಜವಾಗಿ ನನ್ನ ಕಾರಿಗೆ ಮಸಿ ಹಿಡಿದರೆ ಅದಕ್ಕೆ ಕಾರಣ ನಾನೇ. ಎರಡು ಕಿಲೋಮೀಟರನ್ನು ನಡೆದೇ ಹೋಗಬಹುದು, ಮಳೆಗಾಲವೊಂದನ್ನು ಬಿಟ್ಟರೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ, ಎಂಜಿನ್ ಚೆನ್ನಾಗಿ ಕಾಯಲಿ ಎಂದು ಅವರು ಹೇಳಿದರು. ಪ್ಲಗ್ ಬಿಚ್ಚಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬಾಟಲಿ ಮಾರುವವರು ಈ ಮಾತನ್ನು ಹೇಳುವುದುಂಟೇ? ಭಾನುವಾರ ಜೋಗದ ಕಡೆ ಹೋಗಿ ಬನ್ನಿ ಎಂದರೆ ಅವರಿಗೇನು ಸಿಕ್ಕೀತು? ನನಗಾದರೂ ಜಲಪಾತ ಕಾಣುತ್ತದೆ.

ನನ್ನ ಗೆಳತಿಯೊಬ್ಬಳದು ಇದಕ್ಕಿಂತ ಕೆಟ್ಟ ಕಥೆ. ಅವಳದು ಬಿಎಸ್-6 ಡೀಸೆಲ್ ಕಾರು. ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ, ಅಷ್ಟೇ ಅದರ ಲೋಕ. ಒಂದು ದಿನ ಎದುರಿನ ಪಟ್ಟಿಯಲ್ಲಿ ಹಳದಿ ದೀಪ ಹತ್ತಿತು. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಜಾಲರಿಯೊಂದು ಈ ಕಾರುಗಳಲ್ಲಿರುತ್ತದೆ, ಅದು ತುಂಬುತ್ತಾ ಬಂದಿದೆ ಎಂಬ ಎಚ್ಚರಿಕೆ. ಕಾರು ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಜಾಲರಿ ಸುಮಾರು 600 ಡಿಗ್ರಿಯವರೆಗೆ ಕಾದು ಮಸಿಯನ್ನು ತಾನೇ ಸುಟ್ಟು ಬೂದಿ ಮಾಡಿಕೊಳ್ಳುತ್ತದೆ. ಸಾಬರು ಸೈಲೆನ್ಸರ್ ಸುಡುತ್ತಿದ್ದ ಕೆಲಸವನ್ನೇ ಕಾರು ತನ್ನೊಳಗೆ ಮಾಡಿಕೊಳ್ಳುತ್ತದೆ ಎನ್ನಿ. ಇದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿಯೇ ಇತ್ತು. ಅವಳಿಗೆ ಮಾತ್ರ ಮೂರು ತಿಂಗಳಲ್ಲಿ ಎರಡು ಸಲ ಬಾಟಲಿ ಹಾಕಿ, "ಇನ್ನು ತೊಂದರೆ ಇಲ್ಲ ಮೇಡಂ" ಎಂದು ಕಳಿಸಿದ್ದರು. ದೀಪ ಮೂರನೆಯ ಸಲ ಹತ್ತಿತು. ಮಗನನ್ನು ಹಾಸ್ಟೆಲಿಗೆ ಬಿಡಲು ಹುಬ್ಬಳ್ಳಿಗೆ ಹೋಗಿ ಬಂದಾಗ ಅದು ತಾನಾಗಿ ಆರಿತು. ಅದನ್ನು ತಿಳಿಸಿ ಬಾಟಲಿಯ ದುಡ್ಡು ವಾಪಸು ಕೇಳು ಎಂದೆ. "ಹೋಗಲಿ ಬಿಡೆ, ಯಾರ ಹತ್ತಿರ ಜಗಳ ಆಡೋದು" ಎಂದಳು.

ಈ 'ಹೋಗಲಿ ಬಿಡೆ' ಎಂಬುದೇ ನನ್ನನ್ನು ಕೆರಳಿಸುವುದು. ತರಕಾರಿಯವಳ ಹತ್ತಿರ ಐದು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುತ್ತೇವೆ. ಬಿಸಿಲಲ್ಲಿ ಕೂತ ಆ ಬಡ ಹೆಂಗಸನ್ನು ಬಿಡುವುದಿಲ್ಲ. ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟು ಎರಡು ಸಾವಿರ ಕಿತ್ತುಕೊಂಡರೆ ಬಾಯಿ ಕಟ್ಟಿಹೋಗುತ್ತದೆ. ಗೊತ್ತಿಲ್ಲದ ವಿಷಯ ಕೇಳಿದರೆ ನಗುತ್ತಾರೆಂಬ ಅಂಜಿಕೆ. ನಗಲಿ. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡಿ ನಕ್ಕವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಆ ಶಿಕ್ಷೆ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ.

ಕೇಳಬೇಕಾದದ್ದು ಬಹಳವೇನಿಲ್ಲ. ಕಾರ್ಬನ್ ಎಲ್ಲಿ ಹಿಡಿದಿದೆ? ನೀವು ಅದನ್ನು ಹೇಗೆ ಕಂಡಿರಿ? ಪ್ಲಗ್ ಬಿಚ್ಚಿ ನೋಡಿದಿರೋ, ಕ್ಯಾಮೆರಾ ಇಳಿಸಿ ನೋಡಿದಿರೋ, ಇಲ್ಲ ಮೊಬೈಲಿನಲ್ಲಿ ಬೇರೆ ಯಾರದೋ ಕಾರಿನ ಚಿತ್ರ ತೋರಿಸುತ್ತಿದ್ದೀರೋ? ಈ ಬಾಟಲಿಯ ನೀರು ಅಲ್ಲಿಗೆ ಹೋಗುತ್ತದೆಯೇ? ನನ್ನ ಕಾರಿನ ಪುಸ್ತಕದಲ್ಲಿ ಇದನ್ನು ಹಾಕಿ ಎಂದು ಎಲ್ಲಿ ಬರೆದಿದೆ? ನಾನು ಮನೆಯಲ್ಲಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಆಯಿಲ್, ಫಿಲ್ಟರ್, ಪ್ಲಗ್, ಬೆಲ್ಟು ಎಲ್ಲಕ್ಕೂ ಕಿಲೋಮೀಟರಿನ ಲೆಕ್ಕ ಇತ್ತು, ಡಿಕಾರ್ಬನೈಸಿಂಗ್ ಎಂಬ ಶಬ್ದವೇ ಇರಲಿಲ್ಲ. ವಾರಂಟಿ ಹೋಗುತ್ತದೆ ಎಂದು ಹೆದರಿಸಿದರೆ, ಹಾಗೆಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಿ. 1986ರ ಗ್ರಾಹಕರ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಕೊಳ್ಳುವ ಸರಕು, ಸೇವೆ ಎಂಥದ್ದೆಂದು ತಿಳಿದುಕೊಳ್ಳುವ ಹಕ್ಕು ಅದರಲ್ಲಿ ನಮಗಿದೆ. ಪ್ರತಿ ಜಿಲ್ಲೆಗೂ ಆಯೋಗವೂ ಇದೆ.

ಬಾಟಲಿ ಹಾಕಿದ ಮೇಲೆ ಮೈಲೇಜ್ ಹೆಚ್ಚುತ್ತದೆ ಎಂದಿದ್ದರು. ನಾನು ಟ್ಯಾಂಕ್ ತುಂಬಿಸಿದಾಗಲೆಲ್ಲ ನೋಟುಪುಸ್ತಕದಲ್ಲಿ ಬರೆದಿಡುವವಳು. ಮೊದಲು ಲೀಟರಿಗೆ 15.8 ಇತ್ತು, ಆಮೇಲಿನ ಮೂರು ಟ್ಯಾಂಕಿನ ಸರಾಸರಿ 15.9. ಒಂದು ದಿನ ಎಸಿ ಹಾಕದಿದ್ದರೂ ಬರುವಷ್ಟು ವ್ಯತ್ಯಾಸ. ನನ್ನ ಒಂದು ಕಾರಿನ ಲೆಕ್ಕದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳಿದರು, ಅದೂ ಸರಿಯೇ. ಆದರೆ ಹೆಚ್ಚುತ್ತದೆ ಎಂದವರ ಹತ್ತಿರ ಒಂದು ಕಾರಿನ ಲೆಕ್ಕವೂ ಇರಲಿಲ್ಲ.

ಮೊನ್ನೆ ಮತ್ತೆ ಸರ್ವಿಸಿಗೆ ಬಿಡುವಾಗ ಕೆಲಸದ ಚೀಟಿಯ ಕೆಳಗೆ ನಾನೇ ಕನ್ನಡದಲ್ಲಿ ಬರೆದೆ: "ನನ್ನನ್ನು ಕೇಳದೆ ಯಾವ ಬಾಟಲಿಯನ್ನೂ ಹಾಕಬಾರದು." ಹುಡುಗನ ಸಹಿಯನ್ನೂ ಹಾಕಿಸಿಕೊಂಡೆ. ಸಂಜೆ ಬಂದ ಬಿಲ್ಲಿನಲ್ಲಿ ಆ ಎರಡು ಸಾಲುಗಳು ಇರಲಿಲ್ಲ. ದುಡ್ಡು ಕೊಟ್ಟು ಕಾರಿನ ಕೀ ತರಲಿ ಎಂದು ಕೂತಿದ್ದಾಗ, ನನ್ನ ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹುಡುಗಿಯ ಹತ್ತಿರ ಅದೇ ಹುಡುಗ ಬಂದ.

"ಮೇಡಂ, ನಿಮ್ಮ ಗಾಡಿಗೆ ಕಾರ್ಬನ್ ಹಿಡಿದಿದೆ. ಕ್ಲೀನ್ ಮಾಡಿಬಿಡೋಣ್ವಾ?"

ಆಕೆ ಹೂಂ ಎನ್ನುವುದರೊಳಗೆ ನಾನು ಅವಳ ಕೈ ಮುಟ್ಟಿದೆ. "ಎಲ್ಲಿ ಹಿಡಿದಿದೆ ಅಂತ ಕೇಳಮ್ಮ" ಎಂದೆ.

ಆಕೆ ನನ್ನನ್ನೊಮ್ಮೆ ನೋಡಿ, ಅವನ ಕಡೆ ತಿರುಗಿ, "ಹೌದು, ಎಲ್ಲಿ?" ಎಂದಳು.

ಹುಡುಗ ಒಳಗೆ ಕೇಳಿಕೊಂಡು ಬರುತ್ತೇನೆಂದು ಹೋದ. ನಾವು ಕಾಯುತ್ತಾ ಕೂತೆವು.